ಬಿದ್ದ ಹುಡುಗಿ ಎದ್ದಳಾ ಎಂದು ಕೇಳಿದರು ಅಜ್ಜಿ

2024ರ ನವೆಂಬರ್ 30, ಶನಿವಾರ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆ. ಬಾಸ್ಟನ್ ಸುತ್ತಮುತ್ತ ನೆಲೆಸಿರುವ ನಾವು ಮೂರು ಕನ್ನಡ ಮನೆಯವರು ಬೆಳಗಿನ ಜಾವವೇ ಎದ್ದು, ಡಬ್ಬಿಗೆ ಪುಳಿಯೋಗರೆ, ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ವರ್ಮಾಂಟ್ ರಾಜ್ಯದ ಕಿಲ್ಲಿಂಗ್ಟನ್ ಬೆಟ್ಟದ ದಾರಿ ಹಿಡಿದೆವು. ಸುಮಾರು ಮೂರು ಗಂಟೆಯ ಪ್ರಯಾಣ. ಹಠ ಮಾಡಿ ಹೊರಡಿಸಿದ್ದು ಮಕ್ಕಳು. ಅವತ್ತು ಮಿಕೇಲಾ ಶಿಫ್ರಿನ್ ಎಂಬ ಸ್ಕೀ ಆಟಗಾರ್ತಿ ನೂರನೇ ವಿಶ್ವಕಪ್ ಗೆಲುವಿಗೆ ಇಳಿಯುವವರಿದ್ದರು. ಅದಕ್ಕೂ ಮೊದಲು ಹೆಣ್ಣಾಗಲಿ ಗಂಡಾಗಲಿ, ಈ ಆಟದಲ್ಲಿ ಯಾರೂ ನೂರು ಮುಟ್ಟಿರಲಿಲ್ಲ.

ಬೆಟ್ಟದ ಬುಡದಲ್ಲಿ ಸಾವಿರಾರು ಜನ. ಕೈಯಲ್ಲಿ ಗಂಟೆ, ಕೊರಳಲ್ಲಿ ಪೀಪಿ. ನಮ್ಮೂರ ಜಾತ್ರೆಯನ್ನೇ ಹಿಮದ ಮೇಲೆ ತಂದು ಕೂರಿಸಿದಂತಿತ್ತು. ಮೊದಲ ಸುತ್ತಿನಲ್ಲಿ ಶಿಫ್ರಿನ್ 0.32 ಸೆಕೆಂಡಿನಿಂದ ಮುಂದಿದ್ದರು. ಎರಡನೇ ಸುತ್ತಿನಲ್ಲಿ ಎಲ್ಲರಿಗಿಂತ ಕೊನೆಗೆ ಇಳಿದು ಬಂದರು. ಇನ್ನೇನು ಗುರಿ ಹತ್ತಿರ ಬಂತು ಎನ್ನುವಾಗ ದೊಡ್ಡ ಪರದೆಯ ಮೇಲೆ ಅವರ ಕಾಲು ಜಾರಿದ್ದು ಕಂಡಿತು. ಒಂದು ಗೇಟಿಗೆ ಬಡಿದು, ಪಲ್ಟಿ ಹೊಡೆದು, ರಕ್ಷಣೆಗೆ ಕಟ್ಟಿದ್ದ ಬಲೆಗೆ ಹೋಗಿ ಬಿದ್ದರು. ಗಂಟೆ, ಪೀಪಿ ಎಲ್ಲ ನಿಂತವು. ಅಷ್ಟು ಜನರಿದ್ದ ಜಾಗದಲ್ಲಿ ಅಂಥ ಮೌನವನ್ನು ನಾವು ಹಿಂದೆಂದೂ ಕೇಳಿರಲಿಲ್ಲ. ಕೊನೆಗೆ ಆಕೆಯನ್ನು ಜಾರುಬಂಡಿಯಲ್ಲಿ ಮಲಗಿಸಿ ಕೆಳಗೆ ತಂದರು. ಮಲಗಿದ್ದಲ್ಲಿಂದಲೇ ಜನರತ್ತ ಕೈ ಬೀಸಿದರು. ಸ್ಪರ್ಧೆ ಗೆದ್ದದ್ದು ಸ್ವೀಡನ್‌ನ ಸಾರಾ ಹೆಕ್ಟರ್.

ಅಂದು ರಾತ್ರಿ ಮನೆ ಸೇರಿ ಅರಸೀಕೆರೆಗೆ ಫೋನ್ ಮಾಡಿದೆವು. ಅಲ್ಲಿ ಭಾನುವಾರ ಬೆಳಿಗ್ಗೆ ಏಳು ಗಂಟೆ. ಮಕ್ಕಳ ಅಜ್ಜಿ ಆಗತಾನೆ ಬಾಗಿಲಿಗೆ ನೀರು ಹಾಕಿ ಒಳಗೆ ಬಂದಿದ್ದರು. ಮಗ ಒಂದೇ ಉಸಿರಿಗೆ ನಡೆದದ್ದೆಲ್ಲ ಹೇಳಿದ. ನೂರು, ತೊಂಬತ್ತೊಂಬತ್ತು, ಸೆಕೆಂಡಿನ ಲೆಕ್ಕ ಯಾವುದೂ ಅಜ್ಜಿಯ ಕಿವಿಗೆ ಬೀಳಲಿಲ್ಲ.

'ಬಿದ್ದ ಹುಡುಗಿ ಎದ್ದಳೇನೋ ಪುಟ್ಟ?' ಎಂದು ಕೇಳಿದರು. ಆಮೇಲೆ, 'ಅವಳ ಅಪ್ಪ ಅಮ್ಮ ಎಲ್ಲಿದ್ದಾರೆ?' ಎಂದರು.

ಈ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಲು ಹೋಗಿಯೇ ನಾವು ಆಕೆಯ ಬದುಕನ್ನು ಮೊದಲಿನಿಂದ ಓದಿದ್ದು. ಮಕ್ಕಳನ್ನು ದೂರದ ದೇಶಕ್ಕೆ ಕಳಿಸಿ ಇಲ್ಲಿ ಫೋನ್ ಕಾಯುವ ಮನೆಗಳಿಗೂ ಆ ಕಥೆ ಹತ್ತಿರದ್ದೆನಿಸಬಹುದು ಎಂದು ಈ ಪುಟಕ್ಕೆ ಬರೆಯುತ್ತಿದ್ದೇವೆ.

ಏನಿದು ಸ್ಲಾಲಮ್?

ಊರಿನವರಿಗೆ ಮೊದಲು ಆಟವನ್ನೇ ಹೇಳಬೇಕು. ಹಿಮ ಮುಚ್ಚಿದ ಕಡಿದಾದ ಇಳಿಜಾರು. ಅದರಲ್ಲಿ ಕೆಂಪು, ನೀಲಿ ಕಂಬಗಳನ್ನು ನೆಟ್ಟಿರುತ್ತಾರೆ. ಅವನ್ನು ಗೇಟ್ ಎನ್ನುತ್ತಾರೆ. ಕಾಲಿಗೆ ಉದ್ದನೆಯ ಸ್ಕೀ ಪಟ್ಟಿ ಕಟ್ಟಿಕೊಂಡ ಆಟಗಾರ್ತಿ ಒಂದು ಕಂಬದ ಎಡಕ್ಕೆ, ಮುಂದಿನದರ ಬಲಕ್ಕೆ ತಿರುಗುತ್ತಾ ಹಾವಿನ ಹರಿದಾಟದಂತೆ ಇಳಿಯಬೇಕು. ಗೇಟ್‌ಗಳು ತೀರಾ ಹತ್ತಿರ ಇರುವ ಸ್ಪರ್ಧೆ ಸ್ಲಾಲಮ್. ಸ್ವಲ್ಪ ದೂರ ದೂರ ಇದ್ದು ವೇಗ ಹೆಚ್ಚಿದರೆ ಅದು ಜೈಂಟ್ ಸ್ಲಾಲಮ್. ಕಿಲ್ಲಿಂಗ್ಟನ್‌ನಲ್ಲಿ ಆಕೆ ಬಿದ್ದದ್ದು ಈ ಎರಡನೆಯದರಲ್ಲಿ.

ಸ್ಲಾಲಮ್‌ನಲ್ಲಿ ಒಂದು ಇಳಿತಕ್ಕೆ ಸುಮಾರು ಒಂದು ನಿಮಿಷ. ಅಷ್ಟರಲ್ಲಿ ಐವತ್ತು, ಅರವತ್ತು ತಿರುವು. ಕಂಬಗಳ ಬುಡದಲ್ಲಿ ಸ್ಪ್ರಿಂಗಿನಂಥ ಕೀಲು ಇರುವುದರಿಂದ ಆಟಗಾರರು ಮುಂಗೈ, ಮೊಣಕಾಲಿನ ಕವಚದಿಂದ ಅವನ್ನು ಬಡಿದು ಮಲಗಿಸುತ್ತಲೇ ಸಾಗುತ್ತಾರೆ. ಒಂದು ಗೇಟ್ ತಪ್ಪಿದರೂ ಆಟ ಮುಗಿಯಿತು. ಒಂದೇ ದಿನ ಎರಡು ಸುತ್ತು. ಎರಡನೇ ಸುತ್ತಿಗೆ ಗೇಟ್‌ಗಳನ್ನು ಬೇರೆ ರೀತಿಯಲ್ಲಿ ನೆಡುತ್ತಾರೆ. ಎರಡೂ ಸುತ್ತಿನ ಸಮಯ ಕೂಡಿಸಿ, ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಲೆಕ್ಕ ಹಾಕಿ ಗೆದ್ದವರನ್ನು ತೀರ್ಮಾನಿಸುತ್ತಾರೆ.

ಇಲ್ಲಿ ವಿಶ್ವಕಪ್ ಎಂದರೆ ಕ್ರಿಕೆಟ್‌ನಂತೆ ನಾಲ್ಕು ವರ್ಷಕ್ಕೊಮ್ಮೆ ಬರುವುದಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಹುಪಾಲು ಯುರೋಪಿನಲ್ಲಿ, ಕೆಲವು ಅಮೆರಿಕದಲ್ಲಿ, ವಾರ ವಾರವೂ ಒಂದೊಂದು ಬೆಟ್ಟದಲ್ಲಿ ನಡೆಯುವ ಸ್ಪರ್ಧೆಗಳ ಸರಣಿ. ಹೀಗಾಗಿ ಅಮೆರಿಕದ ಆಟಗಾರ್ತಿ ಚಳಿಗಾಲವಿಡೀ ಪರದೇಶದ ಹೋಟೆಲುಗಳಲ್ಲೇ ಇರಬೇಕು. ಕ್ರಿಸ್‌ಮಸ್ ಸಹ ಅನೇಕ ಸಲ ಅಲ್ಲೇ.

ಎರಡು ಕಡೆ ಹಂಚಿಹೋದ ಮನೆ

ಮಿಕೇಲಾ ಹುಟ್ಟಿದ್ದು 1995ರ ಮಾರ್ಚ್ 13ರಂದು, ಕೊಲರಾಡೊ ರಾಜ್ಯದ ವೇಲ್‌ನಲ್ಲಿ. ತಂದೆ ಜೆಫ್ ಅರಿವಳಿಕೆ ವೈದ್ಯರು. ತಾಯಿ ಐಲೀನ್ ನರ್ಸ್ ಆಗಿದ್ದವರು. ಇಬ್ಬರೂ ಸ್ಕೀ ಸ್ಪರ್ಧೆಗಳಲ್ಲಿ ಇಳಿದಿದ್ದವರೇ. ಅಣ್ಣ ಟೇಲರ್ ಕೂಡ ಸ್ಕೀ ಆಟಗಾರ. ಮಗು ನಡೆಯಲು ಕಲಿತ ಸ್ವಲ್ಪ ದಿನಕ್ಕೇ ಮನೆ ಮುಂದಿನ ದಾರಿಯಲ್ಲಿ ಪ್ಲಾಸ್ಟಿಕ್ ಸ್ಕೀ ಕಟ್ಟಿಕೊಂಡು ಓಡಾಡಿತು.

ಮಿಕೇಲಾಗೆ ಎಂಟು ವರ್ಷವಾದಾಗ ತಂದೆಯ ಕೆಲಸ ನ್ಯೂ ಹ್ಯಾಂಪ್‌ಶೈರ್‌ಗೆ ಬದಲಾಯಿತು. ಮನೆಮಂದಿಯೆಲ್ಲ ಅಮೆರಿಕದ ಪಶ್ಚಿಮದ ಎತ್ತರದ ಬೆಟ್ಟ ಬಿಟ್ಟು ಪೂರ್ವದ ಚಿಕ್ಕ, ಮಂಜುಗಡ್ಡೆಯಂತೆ ಗಟ್ಟಿಯಾದ ಬೆಟ್ಟಗಳಿಗೆ ಬಂದರು. ಮುಂದೆ ವರ್ಮಾಂಟ್‌ನ ಬರ್ಕ್ ಮೌಂಟನ್ ಅಕಾಡೆಮಿಯಲ್ಲಿ ಆಕೆ ಕಲಿತರು. ಕಿಲ್ಲಿಂಗ್ಟನ್ ಬೆಟ್ಟದ ಜನ ಆಕೆಯನ್ನು ತಮ್ಮ ಮನೆಮಗಳಂತೆ ಕಾಣುವುದಕ್ಕೆ ಇದೇ ಕಾರಣ. ಆ ಬೆಟ್ಟದ ಸ್ಲಾಲಮ್ ಸ್ಪರ್ಧೆಯನ್ನು ಆಕೆ ಆರು ಸಲ ಗೆದ್ದಿದ್ದಾರೆ.

ಹೆತ್ತವರ ಒಂದು ನಿಲುವು ನಮ್ಮ ಮನೆಗಳಲ್ಲೂ ಯೋಚಿಸಬೇಕಾದದ್ದು. ಬೇರೆ ಮಕ್ಕಳು ವಾರಕ್ಕೊಂದು ಸ್ಪರ್ಧೆಗೆ ಕಾರಿನಲ್ಲಿ ಅಲೆಯುತ್ತಿದ್ದಾಗ ಇವರು ಮಗಳನ್ನು ಹೆಚ್ಚಾಗಿ ಅಭ್ಯಾಸಕ್ಕೇ ಬಿಟ್ಟರು. ಸ್ಪರ್ಧೆಯ ದಿನ ಕಾಯುವುದರಲ್ಲೇ ಹೊತ್ತು ಕಳೆಯುತ್ತದೆ, ಇಳಿಯುವುದು ಎರಡೇ ಸಲ. ಅದೇ ದಿನ ಮನೆಯ ಹತ್ತಿರದ ಬೆಟ್ಟದಲ್ಲಿದ್ದರೆ ಹತ್ತಾರು ಸಲ ಇಳಿಯಬಹುದು ಎಂಬ ಲೆಕ್ಕ. ಸಮತೋಲನಕ್ಕಾಗಿ ಆಕೆ ಒಂದೇ ಚಕ್ರದ ಸೈಕಲ್ ತುಳಿಯುವುದನ್ನೂ ಕಲಿತರು. ಚಿಕ್ಕಂದಿನಲ್ಲಿ ಹೈಡಿ ವೋಲ್ಕರ್ ಎಂಬ ಆಟಗಾರ್ತಿ ಹಸ್ತಾಕ್ಷರದ ಜೊತೆ 'ಯಾವಾಗಲೂ ಹುಡುಗರಿಗಿಂತ ವೇಗವಾಗಿರು' ಎಂದು ಬರೆದುಕೊಟ್ಟಿದ್ದರು. ಆ ಮಾತಿನ ಮೊದಲಕ್ಷರಗಳು ಆಮೇಲೆ ಮಿಕೇಲಾರ ಹೆಲ್ಮೆಟ್ ಮೇಲೆ ಬಂದವು.

ವಿಶ್ವಕಪ್‌ಗೆ ಕಾಲಿಟ್ಟದ್ದು 2011ರ ಮಾರ್ಚ್ 11ರಂದು. ಹದಿನಾರು ತುಂಬಲು ಎರಡು ದಿನ ಬಾಕಿ. ಅಷ್ಟು ಚಿಕ್ಕ ಹುಡುಗಿಯನ್ನು ಒಬ್ಬಳೇ ಯುರೋಪಿಗೆ ಕಳಿಸುವುದು ಹೇಗೆ? ತಾಯಿ ಜೊತೆಗೆ ಹೊರಟರು. ಅಡುಗೆ, ಬಟ್ಟೆ, ಪಾಠ, ತರಬೇತಿ ಎಲ್ಲ ಅವರದೇ. ತಂದೆ ಅಮೆರಿಕದಲ್ಲಿ ಆಸ್ಪತ್ರೆಯ ಕೆಲಸ ನೋಡಿಕೊಂಡು ಉಳಿದರು. ರಜೆ ಸಿಕ್ಕಾಗ ಬಂದು ಕ್ಯಾಮೆರಾ ಹಿಡಿದು ಬೆಟ್ಟದ ಬುಡದಲ್ಲಿ ನಿಲ್ಲುತ್ತಿದ್ದರು. ಒಬ್ಬರು ದುಡಿಯಲು ಒಂದು ಕಡೆ, ಇನ್ನೊಬ್ಬರು ಮಕ್ಕಳೊಂದಿಗೆ ಇನ್ನೊಂದು ಕಡೆ. ದುಬೈ, ದೋಹಾ, ಮಸ್ಕತ್‌ಗಳಲ್ಲಿ ದುಡಿಯುವವರ ಮನೆಗಳಿಗೆ ಈ ಏರ್ಪಾಡನ್ನು ವಿವರಿಸಿ ಹೇಳಬೇಕಿಲ್ಲ.

ಗೆಲುವಿನ ಸಾಲು

2012ರ ಡಿಸೆಂಬರ್ 20ರಂದು ಸ್ವೀಡನ್‌ನ ಓರೆ ಎಂಬ ಊರಿನಲ್ಲಿ ಮೊದಲ ವಿಶ್ವಕಪ್ ಗೆಲುವು ಬಂತು. ವಯಸ್ಸು ಹದಿನೇಳು. ಎರಡು ತಿಂಗಳಲ್ಲಿ ಆಸ್ಟ್ರಿಯಾದ ಶ್ಲಾಡ್ಮಿಂಗ್‌ನಲ್ಲಿ ಸ್ಲಾಲಮ್ ವಿಶ್ವ ಚಾಂಪಿಯನ್. 2013, 2015, 2017, 2019 ಹೀಗೆ ಸತತ ನಾಲ್ಕು ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಸ್ಲಾಲಮ್ ಚಿನ್ನ ಆಕೆಯದೇ.

2014ರಲ್ಲಿ ರಷ್ಯಾದ ಸೋಚಿಯಲ್ಲಿ ಚಳಿಗಾಲದ ಒಲಿಂಪಿಕ್ಸ್. ಎರಡನೇ ಸುತ್ತಿನ ನಡುವೆ ಒಂದು ಕಾಲು ನೆಲ ಬಿಟ್ಟು ಮೇಲೆದ್ದಿತು. ನೋಡುತ್ತಿದ್ದವರು ಬಿದ್ದೇಬಿಟ್ಟರು ಎಂದುಕೊಂಡರು. ಆಕೆ ಹೇಗೋ ಕಾಲೂರಿ ಮುಂದಿನ ಗೇಟಿಗೆ ತಿರುಗಿಕೊಂಡರು. 0.53 ಸೆಕೆಂಡಿನಿಂದ ಚಿನ್ನ. ಬೆಳ್ಳಿ ಗೆದ್ದದ್ದು ಆಸ್ಟ್ರಿಯಾದ ಮಾರ್ಲೀಸ್ ಶಿಲ್ಡ್, ಮಿಕೇಲಾ ಚಿಕ್ಕಂದಿನಿಂದ ಆರಾಧಿಸುತ್ತಿದ್ದ ಆಟಗಾರ್ತಿ. ಹದಿನೆಂಟನೇ ವಯಸ್ಸಿಗೆ ಒಲಿಂಪಿಕ್ ಸ್ಲಾಲಮ್ ಚಿನ್ನ ಗೆದ್ದು, ಆ ಸ್ಪರ್ಧೆಯ ಅತಿ ಕಿರಿಯ ಚಾಂಪಿಯನ್ ಎನಿಸಿದರು. 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಜೈಂಟ್ ಸ್ಲಾಲಮ್ ಚಿನ್ನವೂ ಕಂಬೈನ್ಡ್ ಸ್ಪರ್ಧೆಯ ಬೆಳ್ಳಿಯೂ ಬಂದವು. 2018-19ರ ಒಂದೇ ಋತುವಿನಲ್ಲಿ 17 ವಿಶ್ವಕಪ್ ಸ್ಪರ್ಧೆಗಳನ್ನು ಗೆದ್ದರು. ಅಷ್ಟನ್ನು ಅಲ್ಲಿಯವರೆಗೆ ಯಾರೂ ಗೆದ್ದಿರಲಿಲ್ಲ.

ಎಲ್ಲವೂ ಸಲೀಸಾಗಿ ನಡೆದಿತ್ತು ಎಂದಲ್ಲ. ಸ್ಪರ್ಧೆಗೆ ಮೊದಲು ಹೊಟ್ಟೆ ತೊಳಸಿ ವಾಂತಿ ಮಾಡಿಕೊಳ್ಳುವಷ್ಟು ಆತಂಕ ತನಗಿತ್ತು ಎಂದು ಆಕೆಯೇ ಹೇಳಿಕೊಂಡಿದ್ದಾರೆ.

ಆ ಫೋನ್ ಕರೆ

2020ರ ಫೆಬ್ರುವರಿ ಮೊದಲ ವಾರಾಂತ್ಯ. ತಾಯಿ, ಮಗಳು ಯುರೋಪಿನಲ್ಲಿದ್ದರು. ಕೊಲರಾಡೊದ ಮನೆಯಲ್ಲಿ ತಂದೆಗೆ ಅಪಘಾತವಾಗಿದೆ ಎಂಬ ಸುದ್ದಿ ಬಂತು. ಇಬ್ಬರೂ ಸಿಕ್ಕ ವಿಮಾನ ಹತ್ತಿ ಹೊರಟರು. ಫೆಬ್ರುವರಿ 2ರಂದು ಜೆಫ್ ಶಿಫ್ರಿನ್ ತೀರಿಕೊಂಡರು. ಆಗ ಮನೆಯವರು ಪಕ್ಕದಲ್ಲಿದ್ದರು.

ಪರದೇಶದಲ್ಲಿರುವವರು ಅಪವೇಳೆಯ ಫೋನಿಗೆ ಎಷ್ಟು ಹೆದರುತ್ತೇವೆ ಎಂಬುದು ಊರಿನಲ್ಲಿರುವವರಿಗೆ ಗೊತ್ತಿರಲಾರದು. ಅಲ್ಲಿ ಹಗಲಾದರೆ ಇಲ್ಲಿ ನಡುರಾತ್ರಿ. ತಪ್ಪು ನಂಬರಿನ ಕರೆಯಾದರೂ ಸರಿ, ಮೊದಲು ಎದೆ ಧಸಕ್ಕೆನ್ನುತ್ತದೆ, ಆಮೇಲೆ ಕೈ ಫೋನಿಗೆ ಹೋಗುತ್ತದೆ. ನಮ್ಮ ಮನೆಗೆ ಆ ಕರೆ ಬಂದದ್ದು ಅದೇ ವರ್ಷ ಏಪ್ರಿಲ್‌ನಲ್ಲಿ. ಮಕ್ಕಳ ತಾತ ಹೋದರು ಎಂದು. ಮಾರ್ಚ್ ಕೊನೆಯ ವಾರದಿಂದಲೇ ಭಾರತಕ್ಕೆ ವಿಮಾನ ನಿಂತಿತ್ತು. ಊರಿನಲ್ಲಿ ನಾಲ್ಕು ಜನ ಹೊತ್ತರು. ನಾವು ಅದನ್ನು ಅಂಗೈಯಗಲದ ಪರದೆಯಲ್ಲಿ ನೋಡಿದೆವು. ನಡುವೆ ಎರಡು ಸಲ ನೆಟ್‌ವರ್ಕ್ ಹೋಯಿತು.

ಜೆಫ್ ಅವರ ಕಥೆಯನ್ನು ಅಜ್ಜಿಗೆ ಹೇಳುವಾಗ ನಮಗೆ ಅಳುಕಿತ್ತು. ಅವರು ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಪುಣ್ಯವಂತೆ, ಮುಖ ನೋಡಿದಳಲ್ಲ' ಎಂದರು. ನಮ್ಮಿಂದ ಮಾತು ಹೊರಡಲಿಲ್ಲ. ಅದು ಅವರಿಗೂ ತಿಳಿಯಿತೇನೋ. 'ನೀವೇನು ಬೇಕಂತ ಬರದೇ ಇದ್ದಿರಾ, ಹೋಗಲಿ ಬಿಡಿ' ಎಂದು ಮಾತು ಬದಲಿಸಿದರು. ನಾಲ್ಕೂವರೆ ವರ್ಷದಲ್ಲಿ ಆ ವಿಷಯ ನಮ್ಮ ನಡುವೆ ಬಂದದ್ದು ಅದೇ ಮೊದಲು.

ಅಪ್ಪನಿಗೊಂದು ಫೋನ್

ತಂದೆ ಹೋದ ಮೇಲೆ ಮಿಕೇಲಾ ಆಟ ನಿಲ್ಲಿಸಿ ಮನೆಯಲ್ಲಿದ್ದರು. ಮಾರ್ಚ್‌ನಲ್ಲಿ ಮತ್ತೆ ಆಡಲೆಂದು ಸ್ವೀಡನ್‌ನ ಓರೆಗೆ ಹೋದರೆ, ಸಾಂಕ್ರಾಮಿಕದಿಂದಾಗಿ ಸ್ಪರ್ಧೆಗಳೇ ರದ್ದಾದವು. ಮೊದಲ ಗೆಲುವು ಬರಲು ಡಿಸೆಂಬರ್ ಆಯಿತು, ಫ್ರಾನ್ಸಿನ ಕೂರ್ಷವೆಲ್‌ನಲ್ಲಿ. ತಾಯಿ ಆಗಲೂ ಜೊತೆಗಿದ್ದರು.

2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದಾಗ ಆಕೆ ಪದಕಗಳ ರಾಶಿ ತರುತ್ತಾರೆ ಎಂದು ಅಮೆರಿಕದ ಟಿ.ವಿ.ಗಳು ಸಾರಿದ್ದವು. ಜೈಂಟ್ ಸ್ಲಾಲಮ್‌ನಲ್ಲಿ ಶುರುವಿನಲ್ಲೇ ಜಾರಿದರು. ಎರಡು ದಿನ ಬಿಟ್ಟು ತನ್ನದೇ ಆಟವಾದ ಸ್ಲಾಲಮ್‌ನಲ್ಲಿ ಐದನೇ ಗೇಟಿಗೇ ದಾರಿ ತಪ್ಪಿದರು. ಸ್ಕೀ ಕಳಚಿ, ಇಳಿಜಾರಿನ ಅಂಚಿನಲ್ಲಿ ಮೊಣಕಾಲಿನ ಮೇಲೆ ತಲೆಯಿಟ್ಟು ಬಹಳ ಹೊತ್ತು ಕೂತುಬಿಟ್ಟರು. ಇಡೀ ಜಗತ್ತಿನ ಕ್ಯಾಮೆರಾಗಳು ಅದನ್ನೇ ತೋರಿಸಿದವು. ಆಮೇಲೆ ಪತ್ರಕರ್ತರ ಮುಂದೆ ಆಕೆ ಆಡಿದ ಮಾತಿನ ಸಾರ ಇಷ್ಟೇ: ಈಗ ಅಪ್ಪನಿಗೆ ಒಂದು ಫೋನ್ ಮಾಡಬೇಕು ಅನಿಸುತ್ತಿದೆ. ಆದರೆ ಮಾಡಲಾಗುವುದಿಲ್ಲ.

ಆರು ಸ್ಪರ್ಧೆಗಳಲ್ಲಿ ಒಂದೂ ಪದಕ ಬರಲಿಲ್ಲ. ಹೀಯಾಳಿಸಿ ಬರೆದವರಿಗೆ ಲೆಕ್ಕವಿಲ್ಲ. ಅದೇ ಬೀಜಿಂಗ್ ಕೂಟಕ್ಕೆ ಭಾರತದಿಂದ ಹೋಗಿದ್ದ ಒಬ್ಬರೇ ಒಬ್ಬ ಆಟಗಾರ ಕಾಶ್ಮೀರದ ಆರಿಫ್ ಖಾನ್. ಅವರೂ ಸ್ಲಾಲಮ್ ಆಟಗಾರರೇ. ಜೈಂಟ್ ಸ್ಲಾಲಮ್‌ನಲ್ಲಿ 45ನೆಯವರಾದರು. ಸ್ಲಾಲಮ್ ಮುಗಿಸಲು ಅವರಿಗೂ ಆಗಲಿಲ್ಲ. ಚಿನ್ನದ ರಾಣಿಗೂ ಗುಲ್‌ಮಾರ್ಗ್‌ನ ಹುಡುಗನಿಗೂ ಹಿಮ ಭೇದ ಮಾಡುವುದಿಲ್ಲ.

ಬೀಜಿಂಗ್‌ನಿಂದ ಬಂದ ಮರುತಿಂಗಳೇ ಮಿಕೇಲಾ ವಿಶ್ವಕಪ್ ಋತುವಿನ ಸಮಗ್ರ ಪ್ರಶಸ್ತಿ ಗೆದ್ದರು. ಅದು ಅವರಿಗೆ ನಾಲ್ಕನೆಯದು, ಮರುವರ್ಷ ಐದನೆಯದೂ ಬಂತು. 2023ರ ಜನವರಿಯಲ್ಲಿ 83ನೇ ಗೆಲುವಿನೊಂದಿಗೆ ಲಿಂಡ್ಸೆ ವಾನ್ ಅವರ ಮಹಿಳಾ ದಾಖಲೆ ಮುರಿದರು. ಮಾರ್ಚ್ 11ರಂದು ಮತ್ತದೇ ಓರೆಯಲ್ಲಿ 87ನೇ ಗೆಲುವು. ಸ್ವೀಡನ್‌ನ ಇಂಗೆಮಾರ್ ಸ್ಟೆನ್‌ಮಾರ್ಕ್ 1989ರಲ್ಲಿ 86ಕ್ಕೆ ನಿಲ್ಲಿಸಿದ್ದ ದಾಖಲೆ 34 ವರ್ಷಗಳ ನಂತರ, ಅವರದೇ ದೇಶದ ಹಿಮದಲ್ಲಿ ಮುರಿಯಿತು. ಆಕೆ ವಿಶ್ವಕಪ್‌ಗೆ ಕಾಲಿಟ್ಟು ಅಂದಿಗೆ ಸರಿಯಾಗಿ ಹನ್ನೆರಡು ವರ್ಷ.

ಎದ್ದ ಬಗೆ

ಇನ್ನು ಅಜ್ಜಿಯ ಮೊದಲ ಪ್ರಶ್ನೆ. ಕಿಲ್ಲಿಂಗ್ಟನ್‌ನಲ್ಲಿ ಬಿದ್ದಾಗ ಹೊಟ್ಟೆಯ ಪಕ್ಕದಲ್ಲಿ ಆಳವಾದ ಗಾಯವಾಗಿತ್ತು. ಸ್ನಾಯುಗಳು ಹರಿದಿದ್ದವು. ಡಿಸೆಂಬರ್‌ನಲ್ಲಿ ಗಾಯ ಶುಚಿ ಮಾಡಲು ಶಸ್ತ್ರಚಿಕಿತ್ಸೆಯಾಯಿತು. ಕೆಮ್ಮಿದರೂ ಸೀನಿದರೂ ನೋಯುವ ಜಾಗವದು. ಬಿದ್ದು 61 ದಿನಕ್ಕೆ, ಜನವರಿ 30ರಂದು ಕೂರ್ಷವೆಲ್‌ನ ಸ್ಲಾಲಮ್‌ನಲ್ಲಿ ಮತ್ತೆ ಇಳಿದರು. ಹತ್ತನೇ ಸ್ಥಾನ.

ಮೈ ಗಾಯ ಮಾಗಿದಷ್ಟು ಬೇಗ ಮನಸ್ಸಿನದು ಮಾಗಲಿಲ್ಲ. ಫೆಬ್ರುವರಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜೈಂಟ್ ಸ್ಲಾಲಮ್ ಚಾಂಪಿಯನ್ ಪಟ್ಟ ಉಳಿಸಿಕೊಳ್ಳಲು ಇಳಿಯುವುದಿಲ್ಲ, ಆ ವೇಗದಲ್ಲಿ ತಿರುಗುವಾಗ ಭಯವಾಗುತ್ತಿದೆ ಎಂದು ಆಕೆ ಬಹಿರಂಗವಾಗಿಯೇ ಹೇಳಿದರು. ಆಘಾತದ ನಂತರ ಕಾಡುವ ಮಾನಸಿಕ ತೊಂದರೆಯ ಹೆಸರು ಹಿಡಿದೇ ಮಾತಾಡಿದರು. ತೊಂಬತ್ತೊಂಬತ್ತು ಸಲ ಗೆದ್ದವರು 'ನನಗೆ ಹೆದರಿಕೆ' ಎನ್ನುವುದನ್ನು ನಮ್ಮ ಮಕ್ಕಳು ಕೇಳಿಸಿಕೊಂಡರು. ನಾವೂ ಕೇಳಿಸಿಕೊಂಡೆವು. ಕೆಲಸ ಹೋದರೆ, ವೀಸಾ ತೂಗಾಡಿದರೆ, ಒಂಟಿತನ ಕಾಡಿದರೆ ಊರಿಗೆ ಫೋನ್ ಮಾಡಿದಾಗ 'ಎಲ್ಲ ಚೆನ್ನಾಗಿದೆ' ಎನ್ನುವವರು ನಾವು. ಅತ್ತಲಿಂದಲೂ ಬಿ.ಪಿ., ಸಕ್ಕರೆ ಮುಚ್ಚಿಟ್ಟು 'ಎಲ್ಲ ಚೆನ್ನಾಗಿದೆ' ಎಂದೇ ಉತ್ತರ ಬರುತ್ತದೆ.

ಅದೇ ಚಾಂಪಿಯನ್‌ಷಿಪ್‌ನಲ್ಲಿ ಬ್ರೀಜಿ ಜಾನ್ಸನ್ ಜೊತೆಗೂಡಿ ಜೋಡಿ ಸ್ಪರ್ಧೆಯ ಚಿನ್ನ ಗೆದ್ದರು. ಜಾನ್ಸನ್ ಡೌನ್‌ಹಿಲ್ ಇಳಿದರು, ಇವರು ಸ್ಲಾಲಮ್. ಒಬ್ಬರಿಗೆ ಆಗದ್ದನ್ನು ಇನ್ನೊಬ್ಬರು ಹೊತ್ತರು.

ಆಮೇಲೆ 2025ರ ಫೆಬ್ರುವರಿ 23, ಭಾನುವಾರ. ಇಟಲಿಯ ಸೆಸ್ಟ್ರಿಯೆರ್‌ನಲ್ಲಿ ಸ್ಲಾಲಮ್. ನಮಗಿಲ್ಲಿ ಬೆಳಗಿನ ಕಾಫಿಯ ಹೊತ್ತು, ಅರಸೀಕೆರೆಯಲ್ಲಿ ಸಂಜೆ ದೀಪ ಹಚ್ಚುವ ಹೊತ್ತು. ಮಗ ಫೋನನ್ನು ಟಿ.ವಿ.ಯ ಕಡೆ ತಿರುಗಿಸಿ ಅಜ್ಜಿಗೂ ತೋರಿಸುತ್ತಿದ್ದ. ಮಿಕೇಲಾ ಎರಡನೇ ಸುತ್ತು ಇಳಿಯುವಾಗ ಅಜ್ಜಿ 'ನಿಧಾನ ಕಣಮ್ಮ, ನಿಧಾನ' ಎಂದದ್ದು ಅಲ್ಲಿಂದ ಕೇಳಿಸಿತು. ನಿಧಾನವಾದರೆ ಸೋಲುತ್ತಾರೆ ಎಂದು ಮೊಮ್ಮಗ ಗದರಿಸಿದ. ಆಕೆ ನಿಧಾನವಾಗಲಿಲ್ಲ. ಕ್ರೊಯೇಷಿಯಾದ ಜ್ರಿಂಕಾ ಲ್ಯುಟಿಚ್ ಅವರನ್ನು 0.61 ಸೆಕೆಂಡಿನಿಂದ ಹಿಂದಿಟ್ಟು ಗೆದ್ದರು. ಅದು ನೂರನೇ ಗೆಲುವು. ಆ ನೂರರಲ್ಲಿ 63 ಸ್ಲಾಲಮ್‌ನವು.

'ಬಿದ್ದು ಎಷ್ಟು ದಿನ ಆಯ್ತೋ?' ಎಂದರು ಅಜ್ಜಿ. ಮಗಳು ಕ್ಯಾಲೆಂಡರ್ ನೋಡಿ ಎಣಿಸಿ, 'ಎಂಬತ್ತೈದು ದಿನ ಅಜ್ಜಿ' ಎಂದಳು.

'ಸದ್ಯ. ಅವಳಮ್ಮ ಇವತ್ತು ನಿದ್ದೆ ಮಾಡ್ತಾಳೆ' ಎಂದರು.

ಆಮೇಲೆ ಎಂದಿನ ಮಾತು. ಅಲ್ಲಿ ಚಳಿ ಕಡಿಮೆಯಾಯಿತಾ, ಬೇಸಿಗೆ ರಜೆಗೆ ಯಾವತ್ತು ಬರುತ್ತೀರಿ. ನೋಡೋಣ, ಕೆಲಸದ ಒತ್ತಡ ಇದೆ ಎಂದು ಪ್ರತಿ ವರ್ಷ ಹೇಳುತ್ತಿದ್ದ ಉತ್ತರವನ್ನು ಈ ಸಲ ಹೇಳಲಿಲ್ಲ. ಫೋನ್ ಇಟ್ಟ ಮೇಲೆ ಕೂತು ಜೂನ್ ತಿಂಗಳಿಗೆ ನಾಲ್ಕು ಟಿಕೆಟ್ ಮಾಡಿದೆವು.